ಫ್ರಿಜ್ ಮುಂದಿನ ಚಪ್ಪಲಿ ಮತ್ತು ಒಂದು ಸೌಂಡ್ ಕಾರ್ಡ್

ನಲವತ್ತೆಂಟು ಮನೆಗಳ ಜನ ಎರಡು ವರ್ಷಗಳಿಂದ ಕಾಲಿಗೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಫ್ರಿಜ್ಜಿನ ಬಾಗಿಲು ತೆರೆಯುತ್ತಿದ್ದಾರೆ. ಇದಕ್ಕೆ ಹೊಣೆ ಯಾರೆಂಬುದು ನನಗೀಗ ಗೊತ್ತಾಗಿದೆ. ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ. ಆ ಸಂಘ ನೇಮಿಸಿಕೊಂಡಿರುವ ವಿದ್ಯುತ್ ನಿರ್ವಹಣೆಯ ಗುತ್ತಿಗೆದಾರ. ಕಟ್ಟಿ, ಮಾರಿ, ಫೋನ್ ನಂಬರ್ ಬದಲಿಸಿಕೊಂಡಿರುವ ಬಿಲ್ಡರ್. ಈ ಮೂವರ ಮೇಲೆ ನನ್ನ ಆರೋಪ ಸರಳವಾಗಿದೆ. ನಲವತ್ತೆಂಟು ಸಂಸಾರಗಳ ಜೀವವನ್ನು ನೀವು ಒಂದೊಂದು ಜೊತೆ ಹವಾಯಿ ಚಪ್ಪಲಿಯ ಸುಪರ್ದಿಗೆ ಬಿಟ್ಟಿದ್ದೀರಿ.

(ಅತಿಶಯೋಕ್ತಿ ಎಂದು ಯಾರಿಗಾದರೂ ಅನ್ನಿಸಿದರೆ ಯಲಹಂಕದ ನಮ್ಮ ಮನೆಗೆ ದಯಮಾಡಿಸಿ. ಕಾಫಿ ಕೊಡುತ್ತೇನೆ. ಹಾಲನ್ನು ಮಾತ್ರ ಫ್ರಿಜ್ಜಿನಿಂದ ನೀವೇ ತೆಗೆದುಕೊಳ್ಳಬೇಕು, ಬರಿಗಾಲಿನಲ್ಲಿ.)

ಇಷ್ಟು ದೊಡ್ಡ ಸತ್ಯ ನನಗೆ ಗೊತ್ತಾದದ್ದು ಹೇಗೆ? ಮನೆಯ ಕಂಪ್ಯೂಟರಿಗೆ ಒಂದು ಸೌಂಡ್ ಕಾರ್ಡ್ ಹಾಕಿಸಲು ಹೋಗಿ.

ಕಾರ್ಡು ಬೇಕಾಗಿದ್ದು ನನಗಲ್ಲ, ಅಮ್ಮನಿಗೆ. ಅಮ್ಮ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಪಾಠ ಹೇಳುವ ಚಟ ಮಾತ್ರ ನಿವೃತ್ತಿಯಾಗಲಿಲ್ಲ. ಹೋದ ವರ್ಷ ಅವಳಿಗೊಬ್ಬ ವಿದ್ಯಾರ್ಥಿ ಸಿಕ್ಕರು, ಬಸವರಾಜ. ವಯಸ್ಸು ಮೂವತ್ತೈದು. ಕೊಪ್ಪಳದ ಕಡೆಯವರು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್, ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದಾರೆ. ಹುಟ್ಟಿನಿಂದಲೂ ಅವರಿಗೆ ಕಣ್ಣು ಕಾಣುವುದಿಲ್ಲ. ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾರೆ. ಒಂದು ಪತ್ರಿಕೆ ಬಾಕಿ ಉಳಿದಿದೆ, ಹಳಗನ್ನಡದ್ದು. ಅವರ ನೋಂದಣಿಯ ಅವಧಿ ಈ ಪರೀಕ್ಷೆಯೊಂದಿಗೆ ಮುಗಿಯುತ್ತದೆ. ಈ ಸಲ ಪಾಸಾಗದಿದ್ದರೆ ಮೊದಲ ವರ್ಷದಿಂದ ಮತ್ತೆ ಶುರು ಮಾಡಬೇಕು.

ಪಠ್ಯವನ್ನು ಫೋನೇ ಓದಿ ಹೇಳುವುದಿಲ್ಲವೇ ಎಂದು ಕೇಳುತ್ತೀರಿ. ಓದುತ್ತದೆ, ಅಕ್ಷರವಾಗಿದ್ದರೆ. ಅವರಿಗೆ ಕಳಿಸಿರುವುದು ಯಾರೋ ಓರೆಯಾಗಿ ಇಟ್ಟು ಸ್ಕ್ಯಾನ್ ಮಾಡಿದ ಹಳೆಯ ಪುಟಗಳು, ಅಲ್ಲಲ್ಲಿ ಹೆಬ್ಬೆರಳಿನ ನೆರಳಿನೊಂದಿಗೆ. ಬಸವರಾಜರ ಫೋನು ಪ್ರತಿ ಪುಟಕ್ಕೂ ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತದೆ. ಮುನ್ನೂರು ಪುಟ. ಮುನ್ನೂರು ಸಲ ‘ಚಿತ್ರ’. (ಅದು ಬೇರೆಯದೇ ಆರೋಪಪಟ್ಟಿ.)

ಹೀಗಾಗಿ ಅಮ್ಮ ಓದುತ್ತಾಳೆ. ಹೆಡ್‌ಫೋನಿನ ಪುಟ್ಟ ಮೈಕನ್ನು ತುಟಿಯ ಹತ್ತಿರಕ್ಕೆ ಎಳೆದುಕೊಂಡು, ಒಂದೊಂದು ಅಧ್ಯಾಯವನ್ನೂ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸುತ್ತಾಳೆ. ಫೋನಿನಲ್ಲೂ ಪ್ರಯತ್ನಿಸಿದ್ದೆವು. ಅರ್ಧ ಅಧ್ಯಾಯಕ್ಕೆ ಚಿಕ್ಕಮ್ಮನ ಕರೆ, ಮುಕ್ಕಾಲಿಗೆ ಗ್ಯಾಸ್ ಸಿಲಿಂಡರಿನವರ ಕರೆ, ಜೊತೆಗೆ ನಾಲ್ಕೂ ದಿಕ್ಕಿನ ಕುಕ್ಕರುಗಳ ಶಿಳ್ಳೆ. ಅಲ್ಲದೆ ಅಮ್ಮನಿಗೆ ತಪ್ಪಿದ ಸಾಲನ್ನು ಕತ್ತರಿಸಿ ಹೊಸದಾಗಿ ಓದಲೇಬೇಕು. ಮೇಷ್ಟ್ರುಗಳಿಗೆ ತಮ್ಮ ತಪ್ಪು ಇನ್ನೊಬ್ಬರ ಕಿವಿಯಲ್ಲಿ ಉಳಿಯುವುದನ್ನು ಸಹಿಸಲಾಗುವುದಿಲ್ಲ. ಅದಕ್ಕೆ ಕಂಪ್ಯೂಟರೇ ಸರಿ.

ಮೊದಲ ಮೂರು ಅಧ್ಯಾಯಗಳನ್ನು ಕಳಿಸಿದ ವಾರ ಬಸವರಾಜ ಮನೆಗೆ ಬಂದರು. ಕುರ್ಚಿಯಲ್ಲಿ ತುದಿಗೆ ಕುಳಿತು, ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು, ಬಹಳ ಹೊತ್ತು ಹವಾಮಾನದ ಬಗ್ಗೆ ಮಾತಾಡಿದರು.

“ವಿಷಯ ಏನು ಹೇಳಿ ಬಸವರಾಜ್,” ಎಂದಳು ಅಮ್ಮ. ಮೂವತ್ತು ವರ್ಷ ಹೋಂವರ್ಕ್ ಮಾಡದವರ ಮುಖ ನೋಡಿದವಳು.

“ಟೀಚರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಓದು ಭಾಳ ಚಂದ ಐತ್ರಿ. ಆದ್ರ ಹಿಂದ ಯಾರೋ ಮಿಕ್ಸರ್ ಹಚ್ಚಿ, ಬಂದ್ ಮಾಡೂದು ಮರತು ಊರಿಗೆ ಹೋದಂಗ ಕೇಳ್ತೈತ್ರಿ.”

“ವಿಮಾನದ ಸದ್ದಿರಬೇಕು. ನಾನು ನಿಲ್ಲಿಸಿ ನಿಲ್ಲಿಸಿ ಓದ್ತೀನಲ್ಲ!”

“ಇಮಾನ ಬರ್ತೈತಿ, ಹೊಕ್ಕೈತ್ರಿ. ಇದು ಹೋಗೂದ ಇಲ್ರಿ. ಅರ್ಧಾ ತಾಸ ಕೇಳಿದ್ರ ತಲಿ ಗಿಮ್ ಅಂತೈತಿ. ಷಟ್ಪದಿ ಲಕ್ಷಣ ಹೇಳ್ತೀರಲ್ರಿ, ನನಗ ಅದರಾಗ ಮಾತ್ರೆ ಲೆಕ್ಕ ಸಿಗವಲ್ದು, ಗುಂಯ್ ಅನ್ನೂದಷ್ಟ ಸಿಗತೈತಿ.”

ನಾನು ಕೇಳಿ ನೋಡಿದೆ. ನಿಜ. ಅಮ್ಮನ ಧ್ವನಿಯ ಹಿಂದೆ ಒಂದು ದಪ್ಪ, ಸೋಮಾರಿ ಗುಂಯ್ಗಾಟ. ಅವಳು ಉಸಿರೆಳೆದುಕೊಂಡಾಗಲೆಲ್ಲ ಅದು ಮುಂದೆ ಬಂದು ನಿಲ್ಲುತ್ತಿತ್ತು.

ಬಸವರಾಜ ಹೋದ ಮೇಲೆ ಅಮ್ಮ ಅವರ ಕಾಫಿ ಲೋಟ ಎತ್ತಿಟ್ಟಳು. ಆಮೇಲೆ ಕೇಳಿದಳು: “ಪುಟ್ಟೀ, ಸರಿಹೋಗುತ್ತಾ ಇದು? ಇಲ್ಲಾಂದ್ರೆ ಆ ಮನುಷ್ಯ ಪಾಪ, ಮತ್ತೆ ಒಂದನೇ ವರ್ಷಕ್ಕೆ ಹೋಗ್ಬೇಕು ಕಣೇ.”

“ಸರಿಮಾಡ್ತೀನಿ,” ಎಂದೆ. ಸ್ನಾತಕೋತ್ತರ ಪದವಿ ಪಡೆದವರು ಇಂಥ ಸಂದರ್ಭದಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಅಂತರ್ಜಾಲದಲ್ಲಿ ವಿಡಿಯೊ ನೋಡಿದೆ.

ಅದೊಂದು ವಿಚಿತ್ರ ಲೋಕ. ನೀಲಿ ದೀಪ ಹಚ್ಚಿಕೊಂಡ ಕೋಣೆಗಳಲ್ಲಿ ಕುಳಿತ ಗಡ್ಡಧಾರಿ ತರುಣರು ನನ್ನ ಕಂಪ್ಯೂಟರಿನ ಬಗ್ಗೆ ಮರುಕಪಟ್ಟರು. ಮದರ್‌ಬೋರ್ಡಿನಲ್ಲೇ ಅಂಟಿಸಿ ಕೊಡುವ ಧ್ವನಿ ವ್ಯವಸ್ಥೆ ಇದೆಯಲ್ಲ, ಆನ್‌ಬೋರ್ಡ್ ಆಡಿಯೊ, ಅದನ್ನು ನಂಬಿ ಬದುಕುವವರು ಅವರ ದೃಷ್ಟಿಯಲ್ಲಿ ಇನ್ನೂ ಗುಹೆಯಲ್ಲಿದ್ದಾರೆ. ಅಕ್ಕಪಕ್ಕದ ಚಿಪ್ಪುಗಳ ಗದ್ದಲವೆಲ್ಲ ಅದಕ್ಕೆ ಅಂಟಿಕೊಳ್ಳುತ್ತದಂತೆ. ಮುಕ್ತಿಮಾರ್ಗ ಒಂದೇ: ಪ್ರತ್ಯೇಕ ಸೌಂಡ್ ಕಾರ್ಡ್. ಹಾಕಿದ ಕೂಡಲೇ ಧ್ವನಿಗೆ ಬೆಚ್ಚಗಿನ ಗುಣ ಬರುತ್ತದೆ, ಆಳ ಬರುತ್ತದೆ, ವೇದಿಕೆ ವಿಶಾಲವಾಗುತ್ತದೆ. (ಮದುವೆ ಛತ್ರದ ಜಾಹೀರಾತಿರಬೇಕೆಂದು ನಾನೊಮ್ಮೆ ಪರದೆಯನ್ನು ಮತ್ತೆ ನೋಡಿದೆ.)

ಆರ್‌.ಟಿ. ನಗರದ ಕಂಪ್ಯೂಟರ್ ಅಂಗಡಿಗೆ ಹೋದೆ. ಕಂಪ್ಯೂಟರನ್ನು ಹೊತ್ತುಕೊಂಡೇ ಹೋದೆ. ಅಂಗಡಿಯ ನವೀದ್ ಎಂಬವರು ನಮ್ಮ ಯಂತ್ರವನ್ನು ವರ್ಷಗಳ ಹಿಂದೆ ಜೋಡಿಸಿಕೊಟ್ಟವರು. ಅದರ ಹೊಟ್ಟೆ ಬಿಚ್ಚಿ, ಧೂಳು ಊದಿ, ಖಾಲಿ ಸ್ಲಾಟಿನಲ್ಲಿ ಕಾರ್ಡು ಕೂರಿಸಿದರು. ಹಳೆಯ ಆಡಿಯೊವನ್ನು ಸೆಟ್ಟಿಂಗಿನಲ್ಲೇ ಆಫ್ ಮಾಡಿದರು. ಡ್ರೈವರ್ ಹಾಕಿದರು. ಮೈಕ್ ಚುಚ್ಚಿ ನನ್ನ ಕೈಲಿ ‘ಹಲೋ’ ಅನ್ನಿಸಿದರು. ಹಿಂದೆ ಗುಂಯ್ ಇಲ್ಲ, ಏನೂ ಇಲ್ಲ. ಪಿನ್ ಡ್ರಾಪ್ ಸೈಲೆನ್ಸ್.

“ನೋಡಿ ಮೇಡಮ್, ಸ್ಟುಡಿಯೋ ಥರ ಇದೆ,” ಎಂದರು ನವೀದ್. ಹೌದೆಂದು ತಲೆಯಾಡಿಸಿ, ಗೆದ್ದವಳಂತೆ ಆಟೊ ಹತ್ತಿದೆ.

ಮನೆಗೆ ಬಂದು ಜೋಡಿಸಿದೆ. ಅಮ್ಮ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ನಾಲ್ಕನೆಯ ಅಧ್ಯಾಯದ ಮೊದಲ ಪ್ಯಾರಾ ಓದಿದಳು. ಕೇಳಿಸಿಕೊಂಡೆವು.

ಗುಂಯ್.

ಕಾರ್ಡಿನ ಮೇಲೆ ನನಗೆ ಯಾವ ದೂರೂ ಇಲ್ಲ. ಅದು ತನ್ನ ಕರ್ತವ್ಯವನ್ನು ಈ ಕಟ್ಟಡದಲ್ಲಿ ಬೇರಾರೂ ಮಾಡದಷ್ಟು ಪ್ರಾಮಾಣಿಕವಾಗಿ ಮಾಡಿತು. ಮೊದಲು ಗುಂಯ್ಗಾಟ ಮಸುಕಾಗಿತ್ತು. ಈಗ ಅದರ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕೇಳಿಸಿತು. ಅದಕ್ಕೂ ಆಳ ಬಂದಿತ್ತು, ಬೆಚ್ಚಗಿನ ಗುಣ ಬಂದಿತ್ತು, ವಿಶಾಲವಾದ ವೇದಿಕೆ ಸಿಕ್ಕಿತ್ತು.

ನವೀದ್‌ಗೆ ಫೋನ್ ಮಾಡಿ, ನನಗೆ ಬರುವ ಅತ್ಯಂತ ಗ್ರಾಂಥಿಕ ಕನ್ನಡದಲ್ಲಿ, ಗ್ರಾಹಕರ ಹಕ್ಕುಗಳ ಕುರಿತು ಐದು ನಿಮಿಷ ಮಾತಾಡಿದೆ. ಅವರು ತಾಳ್ಮೆಯಿಂದ ಕೇಳಿ, “ಮೇಡಮ್, ಅಂಗಡೀಲಿ ಸರಿ ಇತ್ತಲ್ವಾ? ಮನೇಲಿ ಬರ್ತಿದೆ ಅಂದ್ರೆ ಮನೇನೇ ನೋಡ್ಬೇಕು. ಸಂಜೆ ನಾಲ್ಕಕ್ಕೆ ಬರ್ತೀನಿ,” ಎಂದರು.

ಬಂದರು. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಬಂದು, ಕಂಪ್ಯೂಟರಿನ ಲೋಹದ ಬೆನ್ನಿಗೆ ಕೈ ಹಾಕಿದರು. ಹಾಕಿದವರು ತಟಕ್ಕನೆ ಹಿಂದಕ್ಕೆಳೆದುಕೊಂಡರು.

“ಅಮ್ಮಾ! ಕರೆಂಟ್ ಹೊಡೀತಿದೆ ಇದು!”

“ಅಯ್ಯೋ, ಹೇಳೋದು ಮರ್ತೆ ಕಣಪ್ಪಾ,” ಎಂದಳು ಅಮ್ಮ, ಬಂದವರಿಗೆ ನೀರು ಕೊಡುವುದು ಮರೆತಷ್ಟೇ ಸಂಕೋಚದಿಂದ. “ಬರಿಗಾಲಲ್ಲಿ ಮುಟ್ಬಾರ್ದು. ತಗೋ, ಈ ಚಪ್ಪಲಿ ಹಾಕ್ಕೋ.”

ಅದು ಫ್ರಿಜ್ಜಿನ ಚಪ್ಪಲಿ. ನಮ್ಮ ಕಟ್ಟಡದ ಸಂಪ್ರದಾಯವನ್ನು ಇಲ್ಲಿ ವಿವರಿಸಬೇಕು. ಇಲ್ಲಿ ಪ್ರತಿ ಮನೆಯ ಫ್ರಿಜ್ಜಿನ ಮುಂದೆಯೂ ಒಂದು ಜೊತೆ ರಬ್ಬರ್ ಚಪ್ಪಲಿ ಇರುತ್ತದೆ. ವಾಷಿಂಗ್ ಮಷೀನಿನ ಮುಂದೆ ಇನ್ನೊಂದು ಜೊತೆ. ದೇವರ ಮನೆಯ ಪಕ್ಕದಲ್ಲೇ ಅಡುಗೆಮನೆಯಿದ್ದರೂ, ಚಪ್ಪಲಿ ಹೊಸ್ತಿಲು ದಾಟಬಾರದೆಂದು ಬೆಳೆದ ಅಜ್ಜಿಯರೂ, ಇದೊಂದಕ್ಕೆ ರಿಯಾಯಿತಿ ಕೊಟ್ಟಿದ್ದಾರೆ. ಹೊಸ ಬಾಡಿಗೆದಾರರು ಬಂದರೆ ಪಕ್ಕದ ಮನೆಯವರು ಹಾಲಿನವನ ನಂಬರು, ಪೇಪರಿನವನ ನಂಬರು, ಜೊತೆಗೆ ಈ ವಿವೇಕವನ್ನೂ ದಾಟಿಸುತ್ತಾರೆ: “ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೆ. ಒಂದ್ ಜೊತೆ ಚಪ್ಪಲಿ ಇಟ್ಕೊಂಡ್ಬಿಡಿ.” ಪದವೀಧರರು, ಇಂಜಿನಿಯರುಗಳು, ಒಬ್ಬ ಹೃದ್ರೋಗ ತಜ್ಞರು ತುಂಬಿದ ಕಟ್ಟಡ. ಜುಮ್ ಏಕೆ ಅನ್ನುತ್ತದೆ ಎಂದು ಯಾರಾದರೂ ಕೇಳಿದೆವೇ? ಚಪ್ಪಲಿಯ ಸೈಜು ಕೇಳಿದೆವು.

ನವೀದ್ ಜೇಬಿನಿಂದ ಟೆಸ್ಟರ್ ತೆಗೆದು ಕಂಪ್ಯೂಟರಿನ ಮೈಗೆ ಮುಟ್ಟಿಸಿದರು. ಟೆಸ್ಟರಿನೊಳಗಿನ ಪುಟ್ಟ ದೀಪ ಹತ್ತಿಕೊಂಡಿತು. ಆಮೇಲೆ ಮೀಟರಿನ ಎರಡು ಕಡ್ಡಿಗಳನ್ನು ಗೋಡೆಯ ಪ್ಲಗ್ಗಿನ ತೂತುಗಳಿಗೆ ತೂರಿಸಿ, ಒಮ್ಮೆ ನೋಡಿ, ನಂಬದೆ ಅಡುಗೆಮನೆಯ ಪ್ಲಗ್ಗಿನಲ್ಲೂ ನೋಡಿ, ಹಜಾರಕ್ಕೆ ಬಂದು ಕುಳಿತರು.

“ಮೇಡಮ್, ಕಾರ್ಡ್‌ದು ಏನೂ ತಪ್ಪಿಲ್ಲ. ನಿಮ್ ಮನೇಲಿ ಅರ್ತಿಂಗೇ ಇಲ್ಲ.”

“ಮೂರನೇ ತೂತು ಇದೆಯಲ್ಲ?” ಎಂದೆ.

“ತೂತಿದೆ. ತೂತಿಂದ ಆಚೆ ಏನೂ ಇಲ್ಲ.” ಆಮೇಲೆ ನನ್ನ ಮುಖ ನೋಡಿ ಬಿಡಿಸಿ ಹೇಳಿದರು. ಯಂತ್ರಗಳ ಮೈಗೆ ಸೋರಿಬರುವ ಕರೆಂಟು ಆ ಮೂರನೆಯ ತಂತಿ ಹಿಡಿದು ಕಟ್ಟಡದ ಕೆಳಗೆ ನೆಲಕ್ಕಿಳಿದು ಹೋಗಬೇಕು. ದಾರಿ ಇಲ್ಲದಿದ್ದರೆ ಅದು ಮೈಮೇಲೆಯೇ ಕೂರುತ್ತದೆ. ಮೈಕಿನಲ್ಲಿ ಗುಂಯ್ ಅನ್ನುತ್ತದೆ, ಕೈಗೆ ಜುಮ್ ಅನ್ನುತ್ತದೆ. “ಈಗ ಜುಮ್ ಅಂತಿದೆ. ಯಾವುದಾದ್ರೂ ಗೀಸರ್ ಒಳಗಡೆ ವೈರ್ ಸುಟ್ಟು ನೀರಿಗೆ ಬಿತ್ತು ಅಂದ್ಕೊಳ್ಳಿ, ಅವಾಗ ಜುಮ್ ಅನ್ನಲ್ಲ ಮೇಡಮ್.”

ಪರೀಕ್ಷೆಗೆಂದು ನನ್ನ ಲ್ಯಾಪ್‌ಟಾಪ್ ತರಿಸಿದರು. ಚಾರ್ಜರ್ ಕಿತ್ತು, ಬರೀ ಬ್ಯಾಟರಿಯ ಮೇಲೆ, ಅದೇ ಮೈಕಿನಲ್ಲಿ ಅಮ್ಮನಿಂದ ಎರಡು ಸಾಲು ಓದಿಸಿದರು. ಅಮ್ಮನ ಧ್ವನಿ ಮಾತ್ರ ಕೇಳಿಸಿತು. ಚಾರ್ಜರ್ ಚುಚ್ಚಿದರು. ಗುಂಯ್. ಕಿತ್ತರು. ನಿಶ್ಶಬ್ದ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕಂಡಿಲ್ಲ.

ನವೀದ್ ಅವರನ್ನೂ ಕರೆದುಕೊಂಡು ಕೆಳಗಿಳಿದು ಮುನಿಯಪ್ಪನವರನ್ನು ಹುಡುಕಿದೆ. ರಾಜಾನುಕುಂಟೆಯಿಂದ ಬರುವ ನಮ್ಮ ವಾಚ್‌ಮನ್. ಕಟ್ಟಡಕ್ಕೆ ಪಾಯ ಹಾಕಿದಾಗಿನಿಂದ ಇಲ್ಲಿದ್ದಾರೆ. ಅರ್ತಿಂಗ್ ಗುಂಡಿ ಎಲ್ಲಿದೆ ಎಂದು ಕೇಳಿದರೆ ಬೆರಳು ತೋರಿಸಿ ನಕ್ಕರು.

“ಅಗೋ, ಅದ್ರ ಕೆಳಗಡೆ.”

ಅವರು ತೋರಿಸಿದ್ದು ನಮ್ಮ ಸೆಲ್ಫಿ ಪಾಯಿಂಟನ್ನು. ಪ್ರತಿ ಊರಿಗೂ, ಪ್ರತಿ ವೃತ್ತಕ್ಕೂ ಒಂದು ಸೆಲ್ಫಿ ಪಾಯಿಂಟ್ ಇರಬೇಕೆಂಬ ರಾಷ್ಟ್ರೀಯ ಒಮ್ಮತವಿದೆಯಷ್ಟೆ? ನಮಗೂ ಒಂದಿದೆ. ಗೇಟಿನ ಪಕ್ಕದಲ್ಲಿ ಗ್ರಾನೈಟ್ ಕಟ್ಟೆ, ಅದರ ಮೇಲೆ ಅಪಾರ್ಟ್‌ಮೆಂಟಿನ ಹೆಸರಿನ ಆಳೆತ್ತರದ ಸ್ಟೀಲ್ ಅಕ್ಷರಗಳು, ಸುತ್ತ ಹಸಿರು ಪ್ಲಾಸ್ಟಿಕ್ ಹುಲ್ಲು.

“ಅಲ್ಲೊಂದು ಗುಂಡಿ ಇತ್ತಮ್ಮ, ಸಿಮೆಂಟ್ ಮುಚ್ಚಳ ಆಕಿ. ಇದ್ಲು, ಉಪ್ಪು ತುಂಬಿದ್ರು. ವಾರಕ್ಕೆರಡು ಕಿತ ನೀರ್ ಉಯ್ಯಿ, ಒಣಗ್ಬಾರ್ದು ಅಂತ ಬಿಲ್ಡರ್ ಕಡೆ ಎಲೆಕ್ಟ್ರಿಶನ್ ಏಳಿದ್ದ. ಉಯ್ತಿದ್ದೆ. ಆಮ್ಯಾಕೆ ಆ ಬ್ಯಾಸಿಗೇಲಿ, ಟ್ಯಾಂಕರ್ ಬರ್ದೆ ಒದ್ದಾಡಿದ್ರಲ್ಲ, ಅವಾಗ ಯಾರೋ ಕಂಪ್ಲೇಂಟ್ ಕೊಟ್ರಂತೆ, ನೀರು ದಂಡ ಮಾಡ್ತಾವ್ನೆ ಅಂತ. ಸೆಕ್ರೆಟ್ರಿ ಸಾಯೇಬ್ರು ಕರ್ದು ಚೆನ್ನಾಗಿ ಉಗುದ್ರು. ನಿಲ್ಲಿಸ್ಬುಟ್ಟೆ. ಒಣಗ್ ಓಯ್ತು. ಕಟ್ಟೆ ಕಟ್ಟೋವಾಗ ಗುಂಡಿಯಿಂದ ಬರೋ ಒಂದು ಕಬ್ಬಿಣದ ಪಟ್ಟಿ ಅಡ್ಡ ಬಂತು ಅಂತ ಮೇಸ್ತ್ರಿ ಕತ್ತರ್ಸಿ ಗುಜರಿಗೆ ಆಕ್ದ.”

“ಯಾರೂ ಬೇಡ ಅನ್ನಲಿಲ್ವಾ?”

“ಯಾರ್ ಅಂತಾರೆ? ಎಲ್ರೂ ಹುಲ್ಲು ಯಾವ್ ಬಣ್ಣ ಆಕೋದು ಅಂತ ಮಾತಾಡ್ತಿದ್ರು.”

ಮೂರು ಅಂಶ ಗಮನಿಸಿ. ನಲವತ್ತೆಂಟು ಮನೆಗೆ ಒಂದೇ ಗುಂಡಿ ತೋಡಿದ ಬಿಲ್ಡರ್ ಅದರ ಮುಚ್ಚಳದ ಮೇಲೆ ಅದು ಏನೆಂದು ಒಂದು ಪದ ಬರೆಸಲಿಲ್ಲ. ನೀರು ಬೇಡುವ ಗುಂಡಿಯನ್ನು ಮುಚ್ಚಿ ಅದರ ಮೇಲೆ ನೀರು ಬೇಡದ ಹುಲ್ಲು ಹಾಸಿದ ಸಂಘಕ್ಕೆ ಆ ವರ್ಷ ‘ಜಲಸ್ನೇಹಿ’ ಎಂದು ನಾವೇ ಚಪ್ಪಾಳೆ ತಟ್ಟಿದೆವು. ಮತ್ತು ಆ ಗುಂಡಿಯ ಉಪಯೋಗ ಗೊತ್ತಿದ್ದ ಏಕೈಕ ಮನುಷ್ಯ ಗೇಟಿನಲ್ಲಿ ಕುಳಿತಿದ್ದರು. ಅವರನ್ನು ಸಭೆಗೆ ಕರೆಯುವುದು ಕುರ್ಚಿ ಜೋಡಿಸಲು ಮಾತ್ರ.

ನೇರವಾಗಿ ಕಾರ್ಯದರ್ಶಿಗಳ ಮನೆಗೆ ಹೋದೆ. ನಿವೃತ್ತ ಅಧಿಕಾರಿ, ಸಭ್ಯರು. ಅವರ ಮನೆಯ ಫ್ರಿಜ್ಜಿನ ಮುಂದೆಯೂ ಒಂದು ಜೊತೆ ಇತ್ತು, ಕೆಂಪು ಪಟ್ಟಿಯದು.

“ನೋಡಮ್ಮ, ನಮ್ಮನೇಲೂ ಜುಮ್ ಅನ್ನುತ್ತೆ. ನಾವೇನು ಸತ್ತೋಗಿದೀವಾ?” ಎಂದರು. ಉತ್ತರಿಸಲು ಕಷ್ಟವಾದ ವಾದ. ಸತ್ತವರು ಯಾರೂ ಈ ಪ್ರಶ್ನೆ ಕೇಳಲು ಉಳಿದಿರುವುದಿಲ್ಲ.

ನಾನು ಬಸವರಾಜರ ಪರೀಕ್ಷೆಯ ವಿಷಯ ಹೇಳಿದೆ. ಕಟ್ಟೆಯ ಒಂದು ಮೂಲೆ ಒಡೆದು ಹೊಸ ಗುಂಡಿ ತೋಡಿದರೆ ಎರಡು ದಿನದ ಕೆಲಸ ಎಂದು ನವೀದ್ ಹೇಳಿದ್ದನ್ನೂ ಹೇಳಿದೆ.

“ಹೊರಗಿನವರೊಬ್ರು ಎಕ್ಸಾಮ್ ಬರೀತಾರೆ ಅಂತ ಕಾಮನ್ ಏರಿಯಾ ಒಡೆಯೋಕಾಗುತ್ತಾ? ಜನರಲ್ ಬಾಡಿ ಮುಂದೆ ಇಡೋಣ.”

“ಯಾವಾಗ ಸಭೆ?”

“ಕೋರಂ ಆಗ್ಬೇಕಲ್ಲಮ್ಮ.”

ಆಗ ನಾನು ಕೊನೆಯ ಅಸ್ತ್ರ ತೆಗೆದೆ. ಗುಂಡಿಗೆ ನೀರು ಹಾಕುವುದನ್ನು ನಿಲ್ಲಿಸಿದ ಆ ಅವಿವೇಕದ ದೂರು ಬರೆದವರು ಯಾರು, ಅವರ ಹೆಸರು ಬಹಿರಂಗವಾಗಬೇಕು ಎಂದು ಆಗ್ರಹಿಸಿದೆ. ಕಾರ್ಯದರ್ಶಿಗಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಒಳಗೆ ಹೋಗಿ, ಫೈಲೊಂದನ್ನು ತಂದು, ಪತ್ರವೊಂದನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು.

“ಕಾವಲುಗಾರನು ನಿರುಪಯುಕ್ತ ಗುಂಡಿಯೊಂದಕ್ಕೆ ಬಿಂದಿಗೆಗಟ್ಟಲೆ ನೀರನ್ನು ಸುರಿಯುತ್ತಿರುವುದು ನಮ್ಮ ನಾಗರಿಕ ಪ್ರಜ್ಞೆಯ ದಿವಾಳಿತನಕ್ಕೆ ಸಾಕ್ಷಿಯಾಗಿದ್ದು, ಸಂಬಂಧಪಟ್ಟವರು ಈ ಕುರಿತು ಕೂಡಲೇ ಉತ್ತರ ನೀಡತಕ್ಕದ್ದು.”

ಸುಂದರವಾದ ವಾಕ್ಯ. ಕೆಳಗೆ ನನ್ನ ಸಹಿ. ಸಹಿಯ ಕೆಳಗೆ, ಅಗತ್ಯವಿಲ್ಲದಿದ್ದರೂ, ನನ್ನ ಪದವಿ.

“ನಿಮ್ಮ ಭಾಷೆ ಚೆನ್ನಾಗಿದೆಯಮ್ಮ,” ಎಂದರು ಕಾರ್ಯದರ್ಶಿಗಳು. “ಅದಕ್ಕೇ ತಕ್ಷಣ ಆಕ್ಷನ್ ತಗೊಂಡ್ವಿ.”

ಆ ಬೇಸಿಗೆ ನನಗೆ ನೆನಪಿದೆ. ಎರಡು ದಿನಕ್ಕೊಮ್ಮೆ ನಲ್ಲಿ. ಬಾಲ್ಕನಿಯಿಂದ ನೋಡಿದರೆ ಕೆಳಗೊಬ್ಬರು ಬಿಂದಿಗೆ ಹಿಡಿದು ನೆಲಕ್ಕೆ ನೀರು ಹೊಯ್ಯುತ್ತಿದ್ದಾರೆ. ಮೂರು ಮಹಡಿ ಇಳಿದು ‘ಯಾಕೆ ಹಾಕ್ತಿದ್ದೀರಿ?’ ಎಂದು ಕೇಳಬಹುದಿತ್ತು. ಲಿಫ್ಟ್ ಕೂಡ ಕೆಲಸ ಮಾಡುತ್ತಿತ್ತು. ನಾನು ಅದರ ಬದಲು ಪತ್ರ ಬರೆದೆ. ಹೊಣೆಗಾರಿಕೆಯ ಬಗ್ಗೆ ವಾರಾವಾರ ಈ ಪುಟದಲ್ಲಿ ಕಣ್ಣು ಕೆಂಪಗೆ ಮಾಡುವ ನಾನು, ಒಬ್ಬ ಮನುಷ್ಯ ತನ್ನ ಹೊಣೆಯನ್ನು ಸರಿಯಾಗಿ ನಿರ್ವಹಿಸುತ್ತಿದ್ದಾಗ ಅವರ ಮೇಲೆಯೇ ದೂರು ಕೊಟ್ಟಿದ್ದೆ. ಆರೋಪಿಗಳ ಪಟ್ಟಿಯಲ್ಲಿ ಮೂವರಿದ್ದಾರೆಂದು ಮೊದಲೇ ಹೇಳಿದೆನಲ್ಲ? ನಾಲ್ಕು ಎಂದು ತಿದ್ದಿಕೊಳ್ಳಿ.

ಕೆಳಗಿಳಿದು ಮುನಿಯಪ್ಪನವರಿಗೆ ವಿಷಯ ಹೇಳಿ ಕ್ಷಮೆ ಕೇಳಿದೆ.

“ಅಯ್ಯೋ, ನಂಗೊತ್ತಿತ್ತು ಬುಡಮ್ಮ,” ಎಂದರು. “ಬಯ್ದೋರು ಅವ್ರು. ನೀವು ಬರ್ದಿದ್ದಷ್ಟೇ.”

ಆ ‘ಅಷ್ಟೇ’ ನನ್ನ ಎದೆಯಲ್ಲಿ ಇನ್ನೂ ಇದೆ.

ಆದರೆ ನನ್ನ ತಪ್ಪಿನ ಮರೆಯಲ್ಲಿ ಉಳಿದವರು ನುಸುಳಿ ಹೋಗಲು ನಾನು ಬಿಡುವುದಿಲ್ಲ. ಏಕೆಂದರೆ ಅಲ್ಲಿಂದ ನಾನು ಮೀಟರ್ ಕೋಣೆಗೆ ಹೋದೆ. ಅಲ್ಲಿನ ಬಾಗಿಲ ಹಿಂದೆ ಒಂದು ರಟ್ಟು ತೂಗುಹಾಕಿದೆ. ಮೂರು ತಿಂಗಳಿಗೊಮ್ಮೆ ಗುತ್ತಿಗೆದಾರರ ಕಡೆಯವರು ಬಂದು, ಪರೀಕ್ಷಿಸಿ, ಗುರುತು ಹಾಕಿ ಹೋಗಬೇಕಾದ ತಪಾಸಣಾ ಪಟ್ಟಿ. ಮುಖ್ಯ ಸ್ವಿಚ್: ಸರಿ. ಜನರೇಟರ್: ಸರಿ. ಅರ್ತಿಂಗ್: ಸರಿ. ಗುಂಡಿ ಒಣಗಿದಾಗಲೂ ಸರಿ. ಕಬ್ಬಿಣದ ಪಟ್ಟಿ ಗುಜರಿಗೆ ಹೋದ ತಿಂಗಳಲ್ಲೂ ಸರಿ. ಮೇಲೆ ಹುಲ್ಲು ಹಾಸಿದ ನಂತರವೂ ಸರಿ, ಸರಿ, ಸರಿ. ಪ್ರತಿ ಸರಿಯೂ ಒಂದೇ ಪೆನ್ನಿನ, ಒಂದೇ ಓರೆಯ, ಒಂದೇ ಉದ್ದದ ಗೀಟು. ಮುಂದಿನ ತಪಾಸಣೆಯ ಚೌಕದಲ್ಲೂ ಆಗಲೇ ಗೀಟು ಬಿದ್ದಿತ್ತು. ಇನ್ನೂ ಬಾರದ ದಿನದ ಸುರಕ್ಷತೆಯನ್ನು ಇಂದೇ ಖಾತ್ರಿಪಡಿಸುವ ದೂರದರ್ಶಿತ್ವಕ್ಕೆ ಏನೆನ್ನೋಣ?

ಆ ರಟ್ಟಿನ ಕೆಳಗೆ ಸಂಘದ ಸಹಿಯೂ ಇದೆ. ನೋಡದೆ ಗೀಟು ಹಾಕಿದವರನ್ನು, ನೋಡದೆ ದೃಢೀಕರಿಸಿದ್ದಾರೆ. ಬಿಲ್ಡರಿಗೆ ಫೋನ್ ಮಾಡಿದರೆ ‘ಈ ಸಂಖ್ಯೆ ಚಾಲ್ತಿಯಲ್ಲಿಲ್ಲ’ ಎಂದು ಹೆಂಗಸೊಬ್ಬಳು ಮೂರು ಭಾಷೆಯಲ್ಲಿ ಹೇಳುತ್ತಾಳೆ. ಈ ಪ್ರಕರಣದಲ್ಲಿ ನನಗೆ ಸಿಕ್ಕ ಏಕೈಕ ಸ್ಪಷ್ಟ ಉತ್ತರ ಅವಳದು.

ಇಷ್ಟರ ನಡುವೆ ಅಮ್ಮ ಓದು ನಿಲ್ಲಿಸಿಲ್ಲ. ನನ್ನ ಲ್ಯಾಪ್‌ಟಾಪ್ ಕಚೇರಿಯದು. ವಾರವೆಲ್ಲ, ರಾತ್ರಿ ಅಮ್ಮ ಮಲಗುವವರೆಗೂ, ಅದು ನನ್ನೊಂದಿಗೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿರುತ್ತದೆ, ಶನಿವಾರವೂ ಸೇರಿ. ಭಾನುವಾರ ಒಂದು ದಿನ ಅಮ್ಮನಿಗೆ. ತುಂಬಿದ ಬ್ಯಾಟರಿ ಎರಡು ಗಂಟೆ ಬಾಳುತ್ತದೆ. ಹಳೆಯ ಬ್ಯಾಟರಿ, ಮತ್ತೆ ತುಂಬಲು ಅರ್ಧ ದಿನ ಬೇಕು, ಅಷ್ಟರಲ್ಲಿ ಅವಳ ಗಂಟಲು ಕಟ್ಟಿರುತ್ತದೆ. ಭಾನುವಾರಕ್ಕೆ ಒಂದು ಅಧ್ಯಾಯ. ಮೂಲೆಯಲ್ಲಿ ಬ್ಯಾಟರಿಯ ಗುರುತು ಕೆಂಪಾಗುತ್ತ ಬಂದಂತೆ ಅವಳ ಓದಿನ ವೇಗ ಹೆಚ್ಚುತ್ತದೆ. ಪಂಪಯುಗದ ಲಕ್ಷಣಗಳನ್ನು ಕ್ರಿಕೆಟ್ ವೀಕ್ಷಕ ವಿವರಣೆಯಂತೆ ಮುಗಿಸುತ್ತಾಳೆ.

ಕಳೆದ ಭಾನುವಾರದ ಅಧ್ಯಾಯ ಕೇಳಿ ಬಸವರಾಜ ಫೋನ್ ಮಾಡಿದ್ದರು.

“ಟೀಚರ, ಗುಂಯ್ ಅನ್ನೂದು ಹೋಗೈತ್ರಿ. ತಿಳಿನೀರಿನಂಗ ಸ್ಪಷ್ಟ ಐತಿ. ಆದ್ರ ಕಡೀಗೆ ನೀವು ಬಸ್ಸು ಹಿಡಿಯಾಕ ಓಡಿದಂಗ ಓದೀರಲ್ರಿ?”

ಅಮ್ಮ ನಕ್ಕಳು. “ಆ ಕೊನೇ ಭಾಗ ಮತ್ತೆ ಓದ್ತೀನಿ ಬಿಡಿ. ಉಳಿದಿದ್ದೆಲ್ಲಾನೂ ಓದಿ ಮುಗಿಸ್ತೀನಿ.”

“ಆಗದಿದ್ರ ಬಿಡ್ರಿ, ಬಂದಷ್ಟು ಬರೀತೀನಿ. ನಿಮ್ಮ ಗಂಟಲಾ ಹಾಳ ಮಾಡ್ಕೋಬ್ಯಾಡ್ರಿ.”

ಫೋನ್ ಇಟ್ಟ ಮೇಲೆ ಅಮ್ಮ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದಳು. ಉಳಿದಿರುವುದು ಒಂಬತ್ತು ಅಧ್ಯಾಯ. ಪರೀಕ್ಷೆಗೆ ಮುನ್ನ ಉಳಿದಿರುವುದು ನಾಲ್ಕು ಭಾನುವಾರ. ಎಣಿಕೆ ತಪ್ಪಿರಬಹುದೆಂದು ಮತ್ತೊಮ್ಮೆ ಎಣಿಸಿದಳು. ಅಧ್ಯಾಯಗಳೂ ಕಡಿಮೆಯಾಗಲಿಲ್ಲ, ಭಾನುವಾರಗಳೂ ಹೆಚ್ಚಲಿಲ್ಲ.

ಹೀಗಾಗಿ ಈ ಅಂಕಣವನ್ನೇ ಅರ್ಜಿಯಾಗಿ ಪರಿಗಣಿಸಬೇಕೆಂದು ಸಂಬಂಧಪಟ್ಟವರನ್ನು ವಿಧ್ಯುಕ್ತವಾಗಿ ಕೋರುತ್ತೇನೆ.

ಮಾನ್ಯ ಕಾರ್ಯದರ್ಶಿಗಳೇ, ನಿರುಪಯುಕ್ತ ಗುಂಡಿಯ ಕುರಿತ ನನ್ನ ಪತ್ರವನ್ನು ನಾನು ಲಿಖಿತವಾಗಿ ಹಿಂಪಡೆದಿದ್ದೇನೆ. ಪ್ರತಿ ನಿಮ್ಮ ಬಾಗಿಲ ಕೆಳಗೆ ತೂರಿಸಿದ್ದೇನೆ. ಅದರ ಮೇಲೆ ಎಷ್ಟು ಶೀಘ್ರವಾಗಿ ಕ್ರಮ ಕೈಗೊಂಡಿರೋ ಅಷ್ಟೇ ಶೀಘ್ರವಾಗಿ ಇದರ ಮೇಲೂ ಕೈಗೊಳ್ಳಿ. ಕಟ್ಟೆಯ ಮೂಲೆ ಒಡೆಸಿ. ಹೊಸ ಗುಂಡಿ ತೋಡಿಸಿ, ಒಂದಲ್ಲ, ಎರಡು. ನೆಲದಿಂದ ಪ್ರತಿ ಮನೆಯ ಪ್ಲಗ್ಗಿನವರೆಗೆ ಸಂಪರ್ಕವಿದೆಯೆಂದು ನಿವಾಸಿಗಳ ಕಣ್ಣೆದುರು ಮೀಟರ್ ಹಿಡಿದು ತೋರಿಸಿ. ಮುಚ್ಚಳದ ಮೇಲೆ ಅದು ಏನೆಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ನೀರು ಹಾಕುವ ಕೆಲಸವನ್ನು ಮುನಿಯಪ್ಪನವರಿಗೆ ಗೌರವಪೂರ್ವಕವಾಗಿ ಮರಳಿಸಿ, ಸಂಘದ ಪರವಾಗಿ ಅವರ ಕ್ಷಮೆ ಕೇಳಿ. ನನ್ನ ಪಾಲಿನದನ್ನು ನಾನು ಕೇಳಿಯಾಗಿದೆ.

ಗುತ್ತಿಗೆದಾರ ಮಹಾಶಯರೇ, ಇಲ್ಲದ ಅರ್ತಿಂಗನ್ನು ಯಾವ ಉಪಕರಣದಿಂದ, ಯಾವ ದಿನ, ಯಾರ ಸಮ್ಮುಖದಲ್ಲಿ ‘ಸರಿ’ ಎಂದು ಕಂಡುಕೊಂಡಿರಿ? ಗೀಟಿನಲ್ಲಿ ಬೇಡ, ವಾಕ್ಯಗಳಲ್ಲಿ ಉತ್ತರಿಸಿ. ಬಿಲ್ಡರ್ ಅವರೇ, ಕಟ್ಟಡದ ವಿದ್ಯುತ್ ನಕ್ಷೆಯನ್ನು ಸಂಘಕ್ಕೆ ಒಪ್ಪಿಸಿ. ನಿಮ್ಮ ಹೊಸ ಬಡಾವಣೆಯ ಫಲಕ ದೊಡ್ಡಬಳ್ಳಾಪುರ ರಸ್ತೆಯಲ್ಲಿದೆ, ಅದರ ಮೇಲೆ ಹೊಸ ನಂಬರೂ ಇದೆ, ನಾವು ಓದಬಲ್ಲೆವು.

ಮೇಲ್ಕಂಡ ಎಲ್ಲರೂ ಒಂದು ವಾರದೊಳಗೆ ಲಿಖಿತ ಉತ್ತರ ನೀಡಬೇಕು, ಎರಡನೆಯ ವಾರ ಮುಗಿಯುವುದರೊಳಗೆ ಕೆಲಸ ಮುಗಿಸಬೇಕು. ನನ್ನ ಗಡುವು ಅವಸರದ್ದೆಂದು ತೋರಿದರೆ, ಅದನ್ನು ನಿಗದಿಪಡಿಸಿದವಳು ನಾನಲ್ಲ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಿ.

ಬಸವರಾಜ ಅವರ ಪರೀಕ್ಷೆಯ ದಿನಾಂಕ ಪ್ರಕಟವಾಗಿದೆ. ನಿಮ್ಮ ಸಭೆಯ ದಿನಾಂಕ ಯಾವುದು?